ಸೆಕ್ಷನ್ ಓದಿದರೂ ಗಂಟು ಬಿಡದಿದ್ದಾಗ: ಕಾಯ್ದೆಯ ಹೊರಗಿನ ಸಾಮಗ್ರಿ ಬಳಸುವ ಬಗೆ

ವಕೀಲಿಕೆಯ ಮೂರನೇ ವರ್ಷ. ಕೈಯಲ್ಲಿ ಸದನದ ಚರ್ಚೆಯ ಇಪ್ಪತ್ತೆರಡು ಪುಟ ಜೆರಾಕ್ಸ್. ಕೋಲಾರದಿಂದ ಬೆಂಗಳೂರಿಗೆ ಎರಡು ಸಲ ಓಡಾಡಿ ತಂದದ್ದು. ಮಸೂದೆ ಮಂಡಿಸುವಾಗ ಮಂತ್ರಿಗಳು ಏನು ಹೇಳಿದ್ದರು ಅಂತ ಪೂರ್ತಿ ಓದಿಬಿಡುವ ಉಮೇದು ನನಗೆ. ಎರಡನೇ ಪ್ಯಾರಾಕ್ಕೇ ನ್ಯಾಯಾಧೀಶರು ಕೈ ಎತ್ತಿದರು. 'ಅದಿರಲಿ ವಕೀಲರೇ, ಸೆಕ್ಷನ್‌ನಲ್ಲಿ ಯಾವ ಪದ ನಿಮಗೆ ಅನುಮಾನ?' ನಾನು ಬೇರ್ ಆಕ್ಟ್ (ಕಾಯ್ದೆಯ ಮೂಲಪಾಠ ಮಾತ್ರ ಇರುವ ಪುಸ್ತಕ) ತಿರುವಿದೆ. ಯಾವ ಪದವೂ ಅನುಮಾನ ಇರಲಿಲ್ಲ. ಸೆಕ್ಷನ್ ನನ್ನ ಕಕ್ಷಿದಾರನಿಗೆ ವಿರುದ್ಧವಾಗಿತ್ತು, ಅಷ್ಟೇ.

ಹೊರಗೆ ಬಂದಾಗ ಹಿರಿಯರೊಬ್ಬರು ಹೆಗಲ ಮೇಲೆ ಕೈ ಹಾಕಿ ಕೇಳಿದರು: 'ಅಂಗೈ ಹುಣ್ಣಿಗೆ ಕನ್ನಡಿ ಯಾಕಪ್ಪಾ?'

ಈ ಬರಹ ಆ ಕನ್ನಡಿಯ ಬಗ್ಗೆಯೇ. ಕಾಯ್ದೆಯ ಮಾತು ನಿಜವಾಗಿ ಎರಡು ಅರ್ಥ ಕೊಡುವಾಗ ಕಾಯ್ದೆಯ ಹೊರಗಿನ ಯಾವ ಕಾಗದ ನೋಡಬಹುದು, ಎಲ್ಲಿ ಸಿಗುತ್ತದೆ, ಕೋರ್ಟ್ ಅದಕ್ಕೆ ಎಷ್ಟು ಬೆಲೆ ಕೊಡುತ್ತದೆ, ಯಾವಾಗ ಅದು ನಮ್ಮ ಕಾಲಿಗೇ ಸುತ್ತಿಕೊಳ್ಳುತ್ತದೆ ಅನ್ನುವುದು. ಹೊಸ ವಕೀಲರಿಗೆ, ಕಾನೂನು ಓದುವ ಹುಡುಗ ಹುಡುಗಿಯರಿಗೆ, ತಾಲ್ಲೂಕು ಕಚೇರಿ, ಎಸಿ (ಉಪವಿಭಾಗಾಧಿಕಾರಿ) ಕೋರ್ಟ್ ಅಂತ ಅಲೆಯುವ ಸಂಘಟನೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಬರೆದಿದ್ದೇನೆ.

ಸುಮ್ನೆ ತತ್ವ ಹೇಳುವುದಕ್ಕಿಂತ ಒಂದು ಫೈಲ್ ಇಟ್ಟುಕೊಂಡು ಹೋಗೋಣ. ಇದು ಕಲ್ಪನೆಯ ಫೈಲ್, ಆದರೆ ನಮ್ಮ ಕಡೆ ಇಂಥವು ಕಟ್ಟುಕಟ್ಟು ಇವೆ. ಮುಳಬಾಗಿಲು ತಾಲ್ಲೂಕು, ಎರಡು ಎಕರೆ ಖುಷ್ಕಿ ಜಮೀನು. 1962ರಲ್ಲಿ ದರಖಾಸ್ತಿನಲ್ಲಿ, ಅಂದರೆ ಸರ್ಕಾರಿ ಜಮೀನಿಗೆ ಅರ್ಜಿ ಹಾಕಿ ಪಡೆಯುವ ಕ್ರಮದಲ್ಲಿ, ಒಂದು ಪರಿಶಿಷ್ಟ ಜಾತಿ ಕುಟುಂಬಕ್ಕೆ ಮಂಜೂರಾಗಿದೆ. ಸಾಗುವಳಿ ಚೀಟಿಯಲ್ಲಿ, ಅಂದರೆ ಮಂಜೂರಾತಿ ಪತ್ರದಲ್ಲಿ, ಪರಭಾರೆ (ಮಾರಾಟ, ಅಡಮಾನದಂಥ ವರ್ಗಾವಣೆ) ಮಾಡಬಾರದು ಎಂಬ ಷರತ್ತು. 1971ರಲ್ಲಿ ಷರತ್ತು ಮುರಿದು ಕ್ರಯ ಆಗಿದೆ. ಈಗ ಮೊಮ್ಮಗ ಜಮೀನು ವಾಪಸ್ ಕೊಡಿಸಿ ಅಂತ ಅರ್ಜಿ ಹಾಕಿದ್ದಾನೆ. ಕಾಯ್ದೆ ನಿಮಗೆ ಗೊತ್ತಿರುವುದೇ: 1978ರ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯ್ದೆ. ಕೋರ್ಟ್ ಆವರಣದಲ್ಲಿ ಎಲ್ಲರ ಬಾಯಲ್ಲೂ ಪಿಟಿಸಿಎಲ್. ಜಾರಿಗೆ ಬಂದದ್ದು 1979ರ ಜನವರಿ 1ರಂದು.

ಮೊದಲ ಹೆಜ್ಜೆ: ಗಂಟು ಎಲ್ಲಿದೆ ಅಂತ ಒಂದು ಸಾಲಿನಲ್ಲಿ ಬರೆಯಿರಿ

ಹೊರಗೆ ಹೋಗುವ ಮುಂಚೆ ಒಳಗೆ ಪೂರ್ತಿ ಹುಡುಕಿ. ಸೆಕ್ಷನ್ ಒಂದನ್ನೇ ಅಲ್ಲ. ವ್ಯಾಖ್ಯೆಗಳ ಸೆಕ್ಷನ್, ಪೀಠಿಕೆ, ಉದ್ದ ಶೀರ್ಷಿಕೆ, ಪರಂತುಕ ('ಆದರೆ' ಅಂತ ಸೇರಿಸುವ ವಿನಾಯಿತಿ), ವಿವರಣೆ, ಅನುಸೂಚಿ, ಎಲ್ಲ. ಹತ್ತರಲ್ಲಿ ಏಳು ಸಲ ಅನುಮಾನ ಅಲ್ಲೇ ಮುಗಿಯುತ್ತದೆ. ಇದು ನನ್ನ ಅಂದಾಜು, ಲೆಕ್ಕ ಇಟ್ಟವರು ಯಾರೂ ಇಲ್ಲ.

ಒಂದು ಉದಾಹರಣೆ. ನಮ್ಮ ಫೈಲ್‌ನ ಜಮೀನು ದರಖಾಸ್ತಿನದ್ದಲ್ಲ, ತೋಟಿ ಇನಾಮು ಅಥವಾ ನೀರಗಂಟಿ ಇನಾಮು (ಊರಿನ ಚಾಕರಿಗೆ ವಂಶಪಾರಂಪರ್ಯವಾಗಿ ಬಿಟ್ಟ ಜಮೀನು) ಅಂದುಕೊಳ್ಳಿ. ಹುದ್ದೆ ರದ್ದಾದ ಮೇಲೆ ಅದೇ ಮನೆತನಕ್ಕೆ ಮತ್ತೆ ಮಂಜೂರಾಗಿದೆ. ಅದು ಪಿಟಿಸಿಎಲ್ ಕಾಯ್ದೆಯ ಪ್ರಕಾರ 'ಮಂಜೂರಾದ ಜಮೀನು' ಆಗುತ್ತದೆಯೇ? ಶಬ್ದಕೋಶ ತೆಗೆಯಬೇಡಿ, ಸದನದ ಚರ್ಚೆಗೂ ಓಡಬೇಡಿ. 3ನೇ ಸೆಕ್ಷನ್‌ನಲ್ಲೇ ಉತ್ತರ ಕೂತಿದೆ. ಇನಾಮು ರದ್ದತಿ ಕಾನೂನಿನಡಿ ಬಂದ ಜಮೀನು ಸೇರುತ್ತದೆ ಅಂತ ಹೇಳುತ್ತಲೇ, ವಂಶಪಾರಂಪರ್ಯ ಹುದ್ದೆ ಮತ್ತು ಹಕ್ಕುಗಳಿಗೆ ಸಂಬಂಧಪಟ್ಟ ಕಾನೂನನ್ನು ಅದು ಹೊರಗಿಟ್ಟಿದೆ. ಅಲ್ಲಿಗೆ ಹೊರಗಿನ ಸಾಮಗ್ರಿಗೆ ಕೆಲಸವೇ ಇಲ್ಲ.

ಈಗ ನಿಜವಾದ ಗಂಟು ನೋಡಿ. ಷರತ್ತು ಮುರಿದ ಪರಭಾರೆ ಅನೂರ್ಜಿತ ಅನ್ನುತ್ತದೆ 4ನೇ ಸೆಕ್ಷನ್. ಜಮೀನನ್ನು ವಶಕ್ಕೆ ತೆಗೆದುಕೊಂಡು ವಾಪಸ್ ಕೊಡಿಸುವ ಅಧಿಕಾರವನ್ನು ಎಸಿಗೆ ಕೊಡುತ್ತದೆ 5ನೇ ಸೆಕ್ಷನ್. ಆದರೆ ಎಷ್ಟು ವರ್ಷದೊಳಗೆ ಅರ್ಜಿ ಹಾಕಬೇಕು? ಮೂಲ ಕಾಯ್ದೆ ಆ ವಿಚಾರದಲ್ಲಿ ಬಾಯಿಯೇ ಬಿಟ್ಟಿರಲಿಲ್ಲ. ಸುಮ್ಮನಿದ್ದದ್ದಕ್ಕೆ 'ಯಾವಾಗ ಬೇಕಾದರೂ' ಅಂತ ಅರ್ಥವೋ, 'ಒಂದು ಮಿತಿಯೊಳಗೆ' ಅಂತ ಅರ್ಥವೋ? ಇದು ಗಂಟು. ಇದನ್ನು ಫೈಲ್‌ನ ಮೊದಲ ಪುಟದಲ್ಲಿ ಒಂದೇ ವಾಕ್ಯದಲ್ಲಿ ಬರೆದಿಡಿ. ಬರೆಯಲು ಆಗಲಿಲ್ಲವೆಂದರೆ ನಿಮ್ಮ ಹತ್ತಿರ ಇರುವುದು ಅನುಮಾನ ಅಲ್ಲ, ಆಸೆ.

ಎರಡನೇ ಹೆಜ್ಜೆ: ಸಾಮಾನ್ಯ ಖಂಡಗಳ ಕಾಯ್ದೆ

ಇದನ್ನು ಮರೆಯುವವರೇ ಜಾಸ್ತಿ. ಕೇಂದ್ರದ ಕಾಯ್ದೆಗಳಿಗೆ 1897ರದ್ದು. ನಮ್ಮ ರಾಜ್ಯದ ಕಾಯ್ದೆಗಳಿಗೆ ಮೈಸೂರು ಕಾಲದಿಂದ ಬಂದ 1899ರದ್ದು. ತಿಂಗಳು ಅಂದರೇನು, 'ಅವನು' ಅಂದರೆ 'ಅವಳೂ' ಸೇರುತ್ತಾಳೆಯೇ, ಕೊನೆಯ ದಿನ ಕಚೇರಿಗೆ ರಜೆ ಇದ್ದರೆ ಏನು, ಇಂಥ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ಇದು ಹೊರಗಿನ ಕಾಗದದ ಹಾಗೆ ಕಂಡರೂ ಶಾಸಕಾಂಗವೇ ಮಾಡಿಕೊಟ್ಟ ಕೀಲಿಕೈ. ಇದನ್ನು ಬಳಸಲು ಯಾರ ಅಪ್ಪಣೆಯೂ ಬೇಡ. ಸರಿಯಾದ ಕಾಯ್ದೆ ಹಿಡಿಯಿರಿ ಅಷ್ಟೇ. ರಾಜ್ಯದ ಕಾಯ್ದೆಗೆ ಕೇಂದ್ರದ ಕೀಲಿ ಹಾಕಬೇಡಿ.

ಮೂರನೇ ಹೆಜ್ಜೆ: ಉದ್ದೇಶಗಳು ಮತ್ತು ಕಾರಣಗಳ ಹೇಳಿಕೆ

ಪ್ರತಿ ಮಸೂದೆಯ ಜೊತೆಗೆ ಒಂದು ಸಣ್ಣ ಹೇಳಿಕೆ ಇರುತ್ತದೆ. ಈ ಕಾನೂನು ಯಾಕೆ ತರುತ್ತಿದ್ದೇವೆ ಅಂತ. ಹುಡುಕುವುದು ಕಷ್ಟವಲ್ಲ. ನಮ್ಮ ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯ ಜಾಲತಾಣದಲ್ಲಿ ಕಾಯ್ದೆ ತೆರೆದರೆ ಸಾಮಾನ್ಯವಾಗಿ ಮೊದಲ ಪುಟಗಳಲ್ಲೇ ಮೂಲ ಕಾಯ್ದೆಯ ಹೇಳಿಕೆ, ಅದರ ಕೆಳಗೆ ಒಂದೊಂದು ತಿದ್ದುಪಡಿಯ ಹೇಳಿಕೆ ಸಿಗುತ್ತವೆ. ಅಲ್ಲಿ ಇಲ್ಲದಿದ್ದರೆ ಮಸೂದೆ ಪ್ರಕಟವಾದ ರಾಜ್ಯಪತ್ರದ ಸಂಚಿಕೆ ತೆಗೆಸಬೇಕು.

ಪಿಟಿಸಿಎಲ್ ಹೇಳಿಕೆಯನ್ನು ಒಮ್ಮೆ ಓದಿ. ಒಣ ಸರ್ಕಾರಿ ಭಾಷೆಯೇ, ಆದರೂ ಒಳಗೆ ಬಿಸಿ ಇದೆ. ಇರುವ ಮಂಜೂರಾತಿ ನಿಯಮಗಳಲ್ಲಿನ ಪರಭಾರೆ ನಿಷೇಧ ಸಾಲುತ್ತಿಲ್ಲ. ಮಂಜೂರಾತಿದಾರರ ಬಡತನ, ತಿಳಿವಳಿಕೆಯ ಕೊರತೆಯನ್ನು ಉಳ್ಳವರು, ಬಲಾಢ್ಯರು ಬಳಸಿಕೊಂಡು ಚಿಲ್ಲರೆ ಕಾಸಿಗೋ ಏನೂ ಕೊಡದೆಯೋ ಕ್ರಯ, ಅಡಮಾನ ಬರೆಸಿಕೊಂಡಿದ್ದಾರೆ. ಆದ್ದರಿಂದ ಪರಭಾರೆ ಆಗಿದ್ದರೂ ಜಮೀನು ಮೂಲ ಮಂಜೂರಾತಿದಾರನಿಗೋ ವಾರಸುದಾರರಿಗೋ ಮರಳಬೇಕು. ಸಾರಾಂಶ ಇಷ್ಟು.

ಕೋರ್ಟ್ ಇದನ್ನು ನೋಡುತ್ತದೆಯೇ? ಹಳೆಯ ಉತ್ತರ ಇಲ್ಲ ಅಂತ. 1952ರಲ್ಲಿ ಅಶ್ವಿನಿ ಕುಮಾರ್ ಘೋಷ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಾಗಿಲು ಹಾಕಿತು. ಕಾರಣ ಸರಿಯಾದದ್ದೇ. ಮಸೂದೆ ತಂದವನ ಮನಸ್ಸಿನಲ್ಲಿ ಇದ್ದದ್ದನ್ನು ಆ ಹೇಳಿಕೆ ಹೇಳುತ್ತದೆ. ಸದನದಲ್ಲಿ ಮಸೂದೆ ಬದಲಾಗಬಹುದು, ಕೈ ಎತ್ತಿದವರ ಉದ್ದೇಶ ಬೇರೆ ಇರಬಹುದು. ಮಸೂದೆ ಬದಲಾದರೂ ಹೇಳಿಕೆಯನ್ನು ಯಾರೂ ತಿದ್ದುವುದಿಲ್ಲ. ಆದರೆ ಬೇಗನೇ ಬಾಗಿಲು ಅರ್ಧ ತೆರೆಯಿತು. ಪದದ ಅರ್ಥ ತಿಳಿಯಲು ಬೇಡ, ಆ ಕಾಲದಲ್ಲಿ ಪರಿಸ್ಥಿತಿ ಹೇಗಿತ್ತು, ಯಾವ ಕೆಡುಕನ್ನು ಸರಿಮಾಡಲು ಹೊರಟರು ಅಂತ ತಿಳಿಯಲು ನೋಡಬಹುದು ಅಂತ. ಇವತ್ತಿಗೂ ಮೂಲ ಗೆರೆ ಇದೇ. ಇಂಗ್ಲೆಂಡಿನಲ್ಲಿ 1584ರ ಹೇಡನ್ ಪ್ರಕರಣದಿಂದ ಬಂದ ಪ್ರಶ್ನೆಗಳು ನೆನಪಿರಲಿ: ಮೊದಲು ಕಾನೂನು ಹೇಗಿತ್ತು, ಯಾವ ಕೆಡುಕು ಉಳಿದಿತ್ತು, ಹೊಸ ಕಾನೂನು ಯಾವ ಮದ್ದು ತಂದಿತು, ಆ ಮದ್ದು ಯಾಕೆ. ಹೇಳಿಕೆ ಎರಡನೇ ಮತ್ತು ನಾಲ್ಕನೇ ಪ್ರಶ್ನೆಗೆ ಸಾಕ್ಷಿ.

1984ರ ಮಂಚೇಗೌಡ ಪ್ರಕರಣ ಇದಕ್ಕೆ ಒಳ್ಳೆಯ ಪಾಠ. ಪಿಟಿಸಿಎಲ್ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಅಂತ ಖರೀದಿದಾರರು ಸುಪ್ರೀಂ ಕೋರ್ಟಿಗೆ ಹೋದರು. ಕೋರ್ಟ್ ಈ ಹೇಳಿಕೆಯನ್ನು ತೀರ್ಪಿನಲ್ಲಿ ಎತ್ತಿ ಬರೆಯಿತು. ಕಾಯ್ದೆಯನ್ನು ಎತ್ತಿ ಹಿಡಿಯಿತು. ಇಲ್ಲಿಗೆ ಓದು ನಿಲ್ಲಿಸುವವರೇ ಹೆಚ್ಚು. ಮುಂದೆ ಓದಿ. ಕಾಯ್ದೆ ಬರುವ ಮುಂಚೆಯೇ ದೀರ್ಘ ಸ್ವಾಧೀನದಿಂದ ಖರೀದಿದಾರನ ಹಕ್ಕು ಗಟ್ಟಿಯಾಗಿದ್ದರೆ ಅಂಥವನಿಗೆ ಕಾಯ್ದೆ ತಟ್ಟುವುದಿಲ್ಲ ಅಂತಲೂ ಅದೇ ತೀರ್ಪು ಹೇಳುತ್ತದೆ. ಹೇಳಿಕೆಯ ಕೊನೆಯ ಸಾಲು 'ಪರಭಾರೆ ಆಗಿದ್ದರೂ ಮರಳಬೇಕು' ಅಂತ ಅಷ್ಟು ಅಗಲವಾಗಿ ಹೇಳಿತ್ತು. ಕೋರ್ಟ್ ಅದನ್ನು ಓದಿಯೂ ಅಷ್ಟು ದೂರ ಹೋಗಲಿಲ್ಲ. ಉದ್ದೇಶದ ಹೇಳಿಕೆ ದಾರಿ ತೋರಿಸಿತು, ಊರು ಮುಟ್ಟಿಸಲಿಲ್ಲ.

ನಮ್ಮ ಮುಳಬಾಗಿಲ ಮೊಮ್ಮಗನಿಗೆ ಇದರಿಂದ ಏನು? 1962ರ ಮಂಜೂರಾತಿಯ ಷರತ್ತು ಯಾವುದು, 1971ರಿಂದ 1979ರ ಜನವರಿವರೆಗೆ ಎಷ್ಟು ವರ್ಷ ಆಯಿತು, ಆ ಹೊತ್ತಿಗೆ ಸ್ವಾಧೀನದ ಹಕ್ಕು ಪೂರ್ತಿಯಾಗಿತ್ತೇ ಅನ್ನುವ ಲೆಕ್ಕ ಮೊದಲು ಮಾಡಬೇಕು. ಬಡತನದ ಪ್ಯಾರಾ ಓದುವುದು ಆಮೇಲೆ.

ನಾಲ್ಕನೇ ಹೆಜ್ಜೆ: ಕಾಯ್ದೆಯ ಹಿಂದು ಮುಂದು

ಇದು ನನ್ನ ಮೆಚ್ಚಿನ ಸಾಮಗ್ರಿ. ಭಾಷಣಕ್ಕಿಂತ ಗಟ್ಟಿ. ಯಾಕೆಂದರೆ ಇಲ್ಲಿ ಮಾತಾಡುತ್ತಿರುವುದು ಮಂತ್ರಿ ಅಲ್ಲ, ಶಾಸಕಾಂಗವೇ. ಹಳೆಯ ಕಾಯ್ದೆಯಲ್ಲಿ ಏನಿತ್ತು, ಮಸೂದೆಯಲ್ಲಿ ಏನಿತ್ತು, ಯಾವ ಪದ ಕೈಬಿಟ್ಟರು, ಯಾವುದು ಆಮೇಲೆ ಸೇರಿಸಿದರು ಅಂತ ಪಕ್ಕಪಕ್ಕ ಇಟ್ಟು ನೋಡುವುದು.

ತುಮಕೂರು ಕಡೆಯವರಿಗೆ ಹಿಡಿಸುವ ಪ್ರಕರಣ ಒಂದಿದೆ. ವೀಳ್ಯದೆಲೆ ತರಕಾರಿಯೇ? ಮಧ್ಯ ಪ್ರಾಂತ್ಯ ಮತ್ತು ಬೇರಾರ್‌ನ 1947ರ ಮಾರಾಟ ತೆರಿಗೆ ಕಾಯ್ದೆಯಲ್ಲಿ ತರಕಾರಿಗೆ ತೆರಿಗೆ ವಿನಾಯಿತಿ ಇತ್ತು. ಅಕೋಲಾದ ಎಲೆ ವ್ಯಾಪಾರಿಯ ವಾದ: ಎಲೆ ಗಿಡದಿಂದ ಬರುತ್ತದೆ, ಶಬ್ದಕೋಶದ ಪ್ರಕಾರ ಇದೂ ತರಕಾರಿಯೇ. 1961ರಲ್ಲಿ ಸುಪ್ರೀಂ ಕೋರ್ಟ್ ಎರಡು ಕಾರಣ ಕೊಟ್ಟು ಇಲ್ಲ ಅಂದಿತು. ಒಂದು, ದಿನಬಳಕೆಯಲ್ಲಿ ಯಾರೂ ಎಲೆಯನ್ನು ತರಕಾರಿ ಅನ್ನುವುದಿಲ್ಲ. ಎರಡನೆಯದೇ ಈ ಹೆಜ್ಜೆಯ ಪಾಠ. ಅದೇ ಪಟ್ಟಿಯಲ್ಲಿ ಮೊದಲು ತರಕಾರಿ ಒಂದು ಬಾಬು, ವೀಳ್ಯದೆಲೆ ಇನ್ನೊಂದು ಬಾಬು. 1948ರ ತಿದ್ದುಪಡಿಯಲ್ಲಿ ವೀಳ್ಯದೆಲೆಯ ಬಾಬನ್ನು ತೆಗೆದು ಹಾಕಿದರು. ಎರಡೂ ಒಂದೇ ಆಗಿದ್ದರೆ ಮೊದಲೇ ಬೇರೆ ಬೇರೆ ಯಾಕೆ ಬರೆಯುತ್ತಿದ್ದರು? ತೆಗೆದದ್ದು ತೆರಿಗೆ ಹಾಕಲಿಕ್ಕೇ ಅಲ್ವಾ?

ಈಗ ನಮ್ಮ ಗಂಟಿಗೆ ಬರೋಣ. 5ನೇ ಸೆಕ್ಷನ್ ಕಾಲಮಿತಿ ಹೇಳಿರಲಿಲ್ಲ. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಿತಿ ಬರೆದಿಲ್ಲ ಅಂದಮಾತ್ರಕ್ಕೆ ಯಾವಾಗ ಬೇಕಾದರೂ ಬರಬಹುದು ಅಂತಲ್ಲ, ಸಮಂಜಸವಾದ ಸಮಯದೊಳಗೆ ಬರಬೇಕು ಅಂದಿತು. ಕಾಯ್ದೆ ಬಂದು ಎರಡು ದಶಕ ದಾಟಿದ ಮೇಲೆ ಹಾಕಿದ್ದ ಅರ್ಜಿ ಬಿದ್ದುಹೋಯಿತು. ಅದಾದ ಮೇಲೆ ನಮ್ಮ ಕಡೆ ಎಷ್ಟೋ ಫೈಲ್‌ಗಳು ಇದೇ ಕಾರಣಕ್ಕೆ ವಜಾ ಆದವು. 2023ರಲ್ಲಿ ಶಾಸಕಾಂಗ 5ನೇ ಸೆಕ್ಷನ್ ತಿದ್ದಿತು. ಬೇರೆ ಯಾವ ಕಾನೂನು ಏನೇ ಹೇಳಲಿ, ಈ ಕಾಯ್ದೆಯಡಿ ಬರಲು ಕಾಲಮಿತಿ ಇಲ್ಲ. ಬಾಕಿ ಇರುವ ಪ್ರಕರಣಗಳಿಗೂ ಇದು ಅನ್ವಯ.

ಈ ತಿದ್ದುಪಡಿ ಕೈಯಲ್ಲಿ ಹಿಡಿದು ಕುಣಿದವರನ್ನು ನಾನೇ ನೋಡಿದ್ದೇನೆ. 2017ರ ತೀರ್ಪು, 2023ರ ತಿದ್ದುಪಡಿ, ಒಂದರ ಪಕ್ಕ ಒಂದು ಇಟ್ಟರೆ ಶಾಸಕಾಂಗದ ಉದ್ದೇಶ ಸೂರ್ಯನಷ್ಟು ಸ್ಪಷ್ಟ ಅಂತ. ಆದರೆ 2024ರಲ್ಲಿ ನಮ್ಮ ಹೈಕೋರ್ಟಿನ ವಿಭಾಗೀಯ ಪೀಠ ಬಳಸಿದ ಪದಕ್ಕೇ ಕೈ ಹಾಕಿತು. ತಿದ್ದುಪಡಿ ಹೇಳಿದ್ದು ಕಾಲಮಿತಿಯ ಬಗ್ಗೆ. ಕಾಲಮಿತಿ ಬೇರೆ, ವಿಪರೀತ ವಿಳಂಬ ಬೇರೆ. ದಶಕಗಟ್ಟಲೆ ಸುಮ್ಮನೆ ಕೂತವನ ವಿಳಂಬವನ್ನು ಕೋರ್ಟ್ ಈಗಲೂ ನೋಡುತ್ತದೆ ಅಂತ. ನಿಮಗೆ ಇದು ಸರಿ ಅನಿಸದೇ ಇರಬಹುದು. ನನಗೂ ಪೂರ್ತಿ ಒಪ್ಪಿಗೆ ಇಲ್ಲ. ಆದರೆ ಎಸಿ ಮುಂದೆ ನಿಂತಾಗ ಆ ತೀರ್ಪೇ ಇಲ್ಲ ಅನ್ನುವ ಹಾಗೆ ವಾದ ಮಾಡಲು ಬರುವುದಿಲ್ಲ. ಹಾಗಾಗಿ ಮೊಮ್ಮಗನ ಅರ್ಜಿಯಲ್ಲಿ ತಿದ್ದುಪಡಿಯ ಜೊತೆಗೆ ವಿಳಂಬಕ್ಕೆ ಕಾರಣವನ್ನೂ ದಾಖಲೆ ಸಮೇತ ಬರೆಯಿರಿ. ಅಜ್ಜ ಯಾವಾಗ ತೀರಿಕೊಂಡರು, ಪಹಣಿ ಯಾರ ಹೆಸರಿಗೆ ಯಾವಾಗ ಹೋಯಿತು, ಮನೆಯವರಿಗೆ ಗೊತ್ತಾದದ್ದು ಹೇಗೆ. ಹೊರಗಿನ ಸಾಮಗ್ರಿ ಎಷ್ಟೇ ಇರಲಿ, ಈ ಸಂಗತಿಗಳ ಜಾಗವನ್ನು ಅದು ತುಂಬುವುದಿಲ್ಲ.

ಐದನೇ ಹೆಜ್ಜೆ: ಸದನದ ಮಾತು, ಸಮಿತಿಯ ವರದಿ

ಇಲ್ಲಿ ಒಂದು ಮೇಲು ಕೀಳಿನ ಲೆಕ್ಕ ಇದೆ. ಮಸೂದೆಗೆ ಮುಂಚೆ ಬಂದ ಆಯೋಗದ ವರದಿ, ಜಂಟಿ ಸಮಿತಿಯ ವರದಿ ಮೇಲೆ. ಮಸೂದೆ ಮಂಡಿಸಿದ ಮಂತ್ರಿಯ ವಿವರಣೆ ಅದರ ಕೆಳಗೆ. ಉಳಿದ ಸದಸ್ಯರ ಭಾಷಣ ತೀರಾ ಕೆಳಗೆ. ವಿರೋಧ ಪಕ್ಷದವರು 'ಈ ಕಾನೂನು ರೈತರನ್ನು ಮುಗಿಸುತ್ತದೆ' ಅಂದಿದ್ದರೆ ಅದು ಕಾನೂನಿನ ಅರ್ಥ ಅಲ್ಲ, ಅವರ ಸಿಟ್ಟು. ಪೇಪರ್ ಕಟಿಂಗ್ ಈ ಏಣಿಯಲ್ಲೇ ಇಲ್ಲ.

ಮಂತ್ರಿಯ ಮಾತು ಕೆಲಸಕ್ಕೆ ಬಂದ ಪ್ರಕರಣ ಅಂದರೆ 1981ರ ಕೆ.ಪಿ. ವರ್ಗೀಸ್. ಹತ್ತಿರದಿಂದ ನೋಡಿ. ಎರ್ನಾಕುಲಂನ ಒಬ್ಬರು 1958ರಲ್ಲಿ 16,500 ರೂಪಾಯಿಗೆ ಮನೆ ಕೊಂಡರು. 1965ರಲ್ಲಿ ಸೊಸೆಗೂ ತಮ್ಮ ಐದು ಮಕ್ಕಳಿಗೂ ಅದೇ 16,500ಕ್ಕೆ ಮಾರಿದರು. ಆದಾಯ ತೆರಿಗೆ ಅಧಿಕಾರಿ, ಮಾರುಕಟ್ಟೆ ಬೆಲೆ 65,000, ನಡುವಿನ 48,500ಕ್ಕೆ ತೆರಿಗೆ ಕಟ್ಟಿ ಅಂದರು. ಸೆಕ್ಷನ್‌ನ ಅಕ್ಷರ ನೋಡಿದರೆ ಅಧಿಕಾರಿಯ ಕಡೆಗೇ ಇತ್ತು. ಮಾರುಕಟ್ಟೆ ಬೆಲೆ ಕ್ರಯದ ಬೆಲೆಗಿಂತ ಶೇ. 15ರಷ್ಟು ಹೆಚ್ಚಿದ್ದರೆ ಸಾಕು ಅಂತಿತ್ತು. ಆದರೆ ಹಾಗೆ ಓದಿದರೆ, ಪ್ರಾಮಾಣಿಕವಾಗಿ ಕಡಿಮೆಗೆ ಮಾರಿದವನು ಕೈಗೇ ಬಾರದ ದುಡ್ಡಿಗೆ ತೆರಿಗೆ ಕಟ್ಟಬೇಕು. ಅಸಂಬದ್ಧ. ಆಗ ಕೋರ್ಟ್ ಹಣಕಾಸು ಮಂತ್ರಿಯ ಭಾಷಣ ತೆಗೆದು ನೋಡಿತು. ಕ್ರಯಪತ್ರದಲ್ಲಿ ಬೆಲೆ ಇಳಿಸಿ ತೋರಿಸಿ ಬಾಕಿಯನ್ನು ಕೆಳಗಿನಿಂದ ತೆಗೆದುಕೊಳ್ಳುವವರನ್ನು ಹಿಡಿಯಲು ಈ ಸೆಕ್ಷನ್ ಅನ್ನುವುದು ಅಲ್ಲಿ ಸ್ಪಷ್ಟವಿತ್ತು. ಇಲಾಖೆಯ ಸುತ್ತೋಲೆಯೂ ಹಾಗೇ ಹೇಳಿತ್ತು. ಬೆಲೆ ಮುಚ್ಚಿಟ್ಟಿದ್ದಾರೆ ಅಂತ ಇಲಾಖೆ ಸಾಬೀತು ಮಾಡಬೇಕು ಅಂತ ತೀರ್ಪಾಯಿತು.

ಕ್ರಮ ಗಮನಿಸಿ. ಮೊದಲು ಅಕ್ಷರಾರ್ಥ ಎಲ್ಲಿಗೆ ಒಯ್ಯುತ್ತದೆ ಅಂತ ತೋರಿಸಿದರು. ಆಮೇಲೆ ಭಾಷಣ. ನಾನು ಆ ದಿನ ಮಾಡಿದ್ದು ಉಲ್ಟಾ.

ಇಂಗ್ಲೆಂಡಿನವರು ಸದನದ ಮಾತನ್ನು ಇನ್ನೂ ಜಾಸ್ತಿ ದಿನ ಹೊರಗಿಟ್ಟಿದ್ದರು. 1992ರ ಪೆಪ್ಪರ್ ವಿರುದ್ಧ ಹಾರ್ಟ್ ಪ್ರಕರಣದಲ್ಲಿ ಒಂದು ಶಾಲೆಯ ಮೇಷ್ಟ್ರುಗಳ ಮಕ್ಕಳಿಗೆ ಐದನೇ ಒಂದು ಭಾಗ ಫೀಸು ಮಾತ್ರ ಇತ್ತು. ಆ ಸವಲತ್ತಿಗೆ ತೆರಿಗೆ ಲೆಕ್ಕ ಹೇಗೆ ಅನ್ನುವಲ್ಲಿ ಮಂತ್ರಿಯ ಮಾತನ್ನು ನೋಡಲು ಒಪ್ಪಿದರು. ಮೂರು ಷರತ್ತು ಹಾಕಿದರು: ಕಾಯ್ದೆ ಅಸ್ಪಷ್ಟವಾಗಿರಬೇಕು ಅಥವಾ ಅಸಂಬದ್ಧಕ್ಕೆ ಒಯ್ಯಬೇಕು, ಮಾತು ಮಂತ್ರಿಯದ್ದೋ ಮಸೂದೆ ತಂದವರದ್ದೋ ಆಗಿರಬೇಕು, ಮಾತು ಸ್ಪಷ್ಟವಾಗಿರಬೇಕು. ಈ ಮೂರನ್ನು ನಾನು ಡೈರಿಯ ಒಳರಟ್ಟಿಗೆ ಅಂಟಿಸಿಕೊಂಡಿದ್ದೇನೆ. ಆಸ್ಟ್ರೇಲಿಯಾದವರು 1984ರಲ್ಲೇ ತಮ್ಮ ಅರ್ಥವಿವರಣೆಯ ಕಾಯ್ದೆಗೆ 15ಎಬಿ ಅನ್ನುವ ಸೆಕ್ಷನ್ ಸೇರಿಸಿ ಯಾವ ಸಾಮಗ್ರಿ ನೋಡಬಹುದು ಅಂತ ಪಟ್ಟಿಯನ್ನೇ ಕೊಟ್ಟರು. ನಮ್ಮಲ್ಲಿ ಅಂಥ ಸೆಕ್ಷನ್ ಇಲ್ಲ, ತೀರ್ಪುಗಳೇ ದಾರಿ. ಕಾನೂನು ಆಯೋಗದ 2002ರ 183ನೇ ವರದಿ ಈ ವಿಷಯವನ್ನೇ ಚರ್ಚಿಸುತ್ತದೆ. ಒಂದು ಭಾನುವಾರ ಕೂತು ಓದಬಹುದು.

ಸಮಿತಿ ವರದಿಗೆ ಎರಡು ತೀರ್ಪು ಸಾಕು. 1984ರ ಅಂತುಳೆ ಪ್ರಕರಣ, ಕಾಯ್ದೆಗೆ ಮುಂಚಿನ ಸಮಿತಿ, ಆಯೋಗಗಳ ವರದಿಯನ್ನು ಅರ್ಥ ತಿಳಿಯಲು ನೋಡಬಹುದು ಅಂತ. 2018ರ ಕಲ್ಪನಾ ಮೆಹ್ತಾ ಪ್ರಕರಣ, ಸಂಸತ್ತಿನ ಸ್ಥಾಯಿ ಸಮಿತಿ ವರದಿಯನ್ನೂ ನೋಡಬಹುದು, ಆದರೆ ವರದಿ ತಪ್ಪು ಅಂತ ಕೋರ್ಟಿನಲ್ಲಿ ಜಗಳ ತೆಗೆಯುವಂತಿಲ್ಲ ಅಂತ.

ಸಿಗುವುದೆಲ್ಲಿ? ಲೋಕಸಭೆಯ ಚರ್ಚೆಗಳು ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ ಪುಕ್ಕಟೆ. ನಮ್ಮ ವಿಧಾನಸಭೆ, ವಿಧಾನ ಪರಿಷತ್ತಿನದ್ದಕ್ಕೆ ದಿನಾಂಕ ಗೊತ್ತಿರಲೇಬೇಕು. ಮಸೂದೆ ಯಾವತ್ತು ಮಂಡನೆ ಆಯಿತು, ಯಾವತ್ತು ಅಂಗೀಕಾರ ಆಯಿತು ಅಂತ ರಾಜ್ಯಪತ್ರದಿಂದ ಬರೆದುಕೊಂಡು ಹೋಗಿ. ದಿನಾಂಕ ಇಲ್ಲದೆ ಹೋದರೆ ಇಡೀ ದಿನ ಧೂಳು ಕುಡಿಯುತ್ತೀರಿ.

ಆರನೇ ಹೆಜ್ಜೆ: ಶಬ್ದಕೋಶ ಮತ್ತು ಮಂಡಿ

ಟೊಮ್ಯಾಟೊ ಹಣ್ಣೋ ತರಕಾರಿಯೋ? ಕೋಲಾರದ ಎಪಿಎಂಸಿ ಯಾರ್ಡ್‌ನಲ್ಲಿ ನಿಂತು ಈ ಪ್ರಶ್ನೆ ಕೇಳಿದರೆ, ಹದಿನೈದು ಕೆ.ಜಿ. ಬಾಕ್ಸ್ ಹೊತ್ತವನು ನಿಮ್ಮನ್ನು ಮೇಲಿಂದ ಕೆಳಗೆ ನೋಡಿ ಮುಂದೆ ಹೋಗುತ್ತಾನೆ. ಆದರೆ ಅಮೆರಿಕದ ಸುಪ್ರೀಂ ಕೋರ್ಟ್ 1893ರಲ್ಲಿ ಇದನ್ನೇ ತೀರ್ಮಾನಿಸಿತು. 1883ರ ಸುಂಕದ ಕಾಯ್ದೆಯಲ್ಲಿ ತರಕಾರಿಗೆ ಶೇ. 10 ಸುಂಕ, ಹಣ್ಣಿಗೆ ಇಲ್ಲ. ನ್ಯೂಯಾರ್ಕ್ ಬಂದರಿಗೆ ಟೊಮ್ಯಾಟೊ ತರಿಸಿದ ನಿಕ್ಸ್ ಅನ್ನುವ ವ್ಯಾಪಾರಿ, ಇದು ಹಣ್ಣು ಅಂದ. ವಕೀಲರು ಕೋರ್ಟಿನಲ್ಲಿ ಶಬ್ದಕೋಶ ಓದಿದರು. ಹಣ್ಣು, ತರಕಾರಿ, ಟೊಮ್ಯಾಟೊ. ಎದುರು ಪಕ್ಷದವರೂ ಓದಿದರು. ಬಟಾಣಿ, ಬದನೆ, ಸೌತೆ, ಮೆಣಸಿನಕಾಯಿ. ಆಮೇಲೆ ಇವರು ಮತ್ತೆ ಎದ್ದು ಆಲೂಗೆಡ್ಡೆ, ಎಲೆಕೋಸು, ಕ್ಯಾರೆಟ್. ಸಂತೆಯೇ ಆಯಿತು. ಕೋರ್ಟ್ ಹೇಳಿದ್ದು: ಶಬ್ದಕೋಶ ಸಾಕ್ಷ್ಯ ಅಲ್ಲ, ನ್ಯಾಯಾಧೀಶರ ನೆನಪಿಗೆ, ತಿಳಿವಳಿಕೆಗೆ ಸಹಾಯ ಮಾತ್ರ. ಸಸ್ಯಶಾಸ್ತ್ರಕ್ಕೆ ಅದು ಹಣ್ಣು, ಊಟದ ತಟ್ಟೆಗೆ ತರಕಾರಿ. ಸುಂಕ ಕಟ್ಟಬೇಕಾಯಿತು.

ಹಾಗಾಗಿ ಪದದ ಮೇಲೆ ಜಗಳವಿದ್ದರೆ ಮೊದಲು ಕೇಳಿಕೊಳ್ಳಿ: ಈ ಕಾಯ್ದೆ ಯಾರ ಜೊತೆ ಮಾತಾಡುತ್ತಿದೆ? ವ್ಯಾಪಾರಿಯ ಜೊತೆಗಾದರೆ ಮಂಡಿಯ ಅರ್ಥ. ವೈದ್ಯರ ಜೊತೆಗಾದರೆ ವೈದ್ಯರ ಅರ್ಥ. ಮಂಡಿಯ ಅರ್ಥವನ್ನು ತೋರಿಸುವುದು ಶಬ್ದಕೋಶದಿಂದ ಅಲ್ಲ. ಹತ್ತು ವರ್ಷದ ಬಿಲ್ ಪುಸ್ತಕ, ಲಾರಿ ಚಲನ್, ಮಂಡಿ ಮಾಲೀಕರ ಅಫಿಡವಿಟ್ಟು. ಶಬ್ದಕೋಶ ಬಳಸಲೇಬೇಕೆಂದರೆ ಕಾಯ್ದೆ ಬಂದ ಕಾಲದ್ದನ್ನು ಬಳಸಿ. ಒಂದು ಅರ್ಥ ಮಾತ್ರ ಆರಿಸಿ ಜೆರಾಕ್ಸ್ ಮಾಡಬೇಡಿ. ಎದುರಿನವರು ಕೆಳಗಿನ ಅರ್ಥ ಓದುತ್ತಾರೆ.

ಇದಕ್ಕೆ ಇತ್ತೀಚಿನ ಸೇರ್ಪಡೆ ತೆಂಗಿನೆಣ್ಣೆ. ತಿಪಟೂರಿನವರು ನಗಬಹುದು. ಸಣ್ಣ ಬಾಟಲಿಯ ಶುದ್ಧ ಕೊಬ್ಬರಿ ಎಣ್ಣೆ ಅಡುಗೆಯದ್ದೋ ತಲೆಗೆ ಹಚ್ಚುವುದೋ ಅಂತ ವರ್ಷಗಟ್ಟಲೆ ನಡೆದ ಕೇಸು 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಬಾಟಲಿ ಚಿಕ್ಕದು ಅಂದಮಾತ್ರಕ್ಕೆ ಅದು ತಲೆಗೆಣ್ಣೆ ಆಗುವುದಿಲ್ಲ ಅಂತ. ಅಲ್ಲಿ ನೋಡಿದ ಹೊರಗಿನ ಸಾಮಗ್ರಿ, ಸರಕುಗಳ ವರ್ಗೀಕರಣದ ಅಂತರರಾಷ್ಟ್ರೀಯ ಪಟ್ಟಿಯ ವಿವರಣಾ ಟಿಪ್ಪಣಿಗಳು. ನಮ್ಮ ಸುಂಕದ ಪಟ್ಟಿ ಆ ಪಟ್ಟಿಯನ್ನೇ ಆಧರಿಸಿದ್ದರಿಂದ ಅದಕ್ಕೆ ಅಷ್ಟು ಬೆಲೆ.

ಏಳನೇ ಹೆಜ್ಜೆ: ಉಳಿದವು, ಬೇಗ ಬೇಗ

ಇಲಾಖೆಯ ಸುತ್ತೋಲೆ ಕೋರ್ಟನ್ನು ಕಟ್ಟುವುದಿಲ್ಲ. ಆದರೆ ಕಾಯ್ದೆ ಬಂದ ಹೊಸದರಲ್ಲಿ ಇಲಾಖೆ ಅದನ್ನು ಹೇಗೆ ಅರ್ಥ ಮಾಡಿಕೊಂಡಿತ್ತು ಅನ್ನುವುದಕ್ಕೆ ಬೆಲೆ ಇದೆ. ಹೋದ ವರ್ಷದ ಸುತ್ತೋಲೆಗೆ ಅಷ್ಟಿಲ್ಲ. ಅದೇ ವಿಷಯದ ಬೇರೆ ಕಾಯ್ದೆಯಲ್ಲಿ ಅದೇ ಪದಕ್ಕೆ ಇರುವ ಅರ್ಥ ನೋಡಬಹುದು, ಆದರೆ ಎರಡು ಕಾಯ್ದೆಗಳ ಗುರಿ ಒಂದೇ ಇದೆಯೇ ಅಂತ ಮೊದಲು ತೋರಿಸಿ.

ಹಳೆಯ ಅಧಿಸೂಚನೆ ಓದುವಾಗ ಇತಿಹಾಸವೂ ಬೇಕು. 1990ರ ಕಾಗದದಲ್ಲಿ 'ಕೋಲಾರ ಜಿಲ್ಲೆ' ಅಂದರೆ ಶಿಡ್ಲಘಟ್ಟವೂ ಹೌದು, ಬಾಗೇಪಲ್ಲಿಯೂ ಹೌದು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಇವತ್ತಿನ ನಕ್ಷೆ ಹಿಡಿದು ಹಳೆಯ ಅಧಿಸೂಚನೆ ಓದಿ ಎಡವಿದವರಿದ್ದಾರೆ.

ಇನ್ನು ಕನ್ನಡ, ಇಂಗ್ಲಿಷ್ ಪಾಠಗಳ ಜಗಳ. ಸಂವಿಧಾನದ 348ನೇ ವಿಧಿಯ 3ನೇ ಖಂಡದ ಪ್ರಕಾರ, ರಾಜ್ಯದ ಭಾಷೆಯಲ್ಲಿ ಕಾಯ್ದೆ ಆಗಿದ್ದರೂ ರಾಜ್ಯಪಾಲರ ಅಧಿಕಾರದಡಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಇಂಗ್ಲಿಷಿನ ಅಧಿಕೃತ ಪಾಠ. ನೇರ ಘರ್ಷಣೆ ಬಂದರೆ ಕೋರ್ಟುಗಳು ಇಂಗ್ಲಿಷ್ ಕಡೆ ವಾಲುತ್ತವೆ. ಆದರೆ ಇಂಗ್ಲಿಷ್ ಪಾಠವೇ ಎರಡು ಅರ್ಥ ಕೊಡುವಾಗ ಕನ್ನಡ ಪಾಠ ಒಂದರ ಕಡೆ ಬೆರಳು ತೋರಿಸಿದರೆ, ಅದನ್ನು ಧೈರ್ಯವಾಗಿ ಮುಂದಿಡಿ.

ಎಂಟನೇ ಹೆಜ್ಜೆ: ಬರೆಯುವುದು, ಎದ್ದು ನಿಲ್ಲುವುದು

ಲಿಖಿತ ವಾದದಲ್ಲಿ ಕ್ರಮ ತಪ್ಪಿಸಬೇಡಿ. ಮೊದಲು ಸೆಕ್ಷನ್‌ನ ಮಾತು, ಉದ್ಧರಣ ಚಿಹ್ನೆಯಲ್ಲಿ, ಒಂದಕ್ಷರ ಬಿಡದೆ. ಆಮೇಲೆ ಗಂಟು. ಆಮೇಲೆ ಎರಡೂ ಓದುಗಳು, ಪ್ರಾಮಾಣಿಕವಾಗಿ. ಆಮೇಲೆ ಹೊರಗಿನ ಕಾಗದ, ಅದನ್ನು ಯಾವ ಕೆಲಸಕ್ಕೆ ಮಾತ್ರ ಬಳಸುತ್ತಿದ್ದೀರಿ ಅಂತ ಹೇಳಿ. ನಾನು ಹೀಗೆ ಬರೆಯುತ್ತೇನೆ: 'ಈ ಹೇಳಿಕೆಯನ್ನು 4ನೇ ಸೆಕ್ಷನ್‌ನ ಪದಗಳನ್ನು ಹಿಗ್ಗಿಸಲು ಅರ್ಜಿದಾರರು ಅವಲಂಬಿಸುತ್ತಿಲ್ಲ. 1979ಕ್ಕೆ ಮುಂಚೆ ಮಂಜೂರಾತಿದಾರರ ಸ್ಥಿತಿ ಹೇಗಿತ್ತು ಎಂಬುದನ್ನು ತೋರಿಸಲು ಮಾತ್ರ.' ಈ ಎರಡು ಸಾಲು ಇದ್ದರೆ ಎದುರಿನವರ ಅರ್ಧ ವಾದ ನಿಂತುಹೋಗುತ್ತದೆ.

ಸದನದ ನಡಾವಳಿಯನ್ನು ಸಾಕ್ಷಿ ಕರೆಸಿ ಸಾಬೀತು ಮಾಡಬೇಕಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮದ 52ನೇ ಸೆಕ್ಷನ್ ಪ್ರಕಾರ ಕೋರ್ಟ್ ತಾನೇ ಗಮನಕ್ಕೆ ತೆಗೆದುಕೊಳ್ಳಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 57. ಆದರೆ ಪುಸ್ತಕ ತಂದು ತೋರಿಸಿ ಅಂತ ಕೋರ್ಟ್ ಕೇಳಬಹುದು, ತರದಿದ್ದರೆ ನಿರಾಕರಿಸಬಹುದು. ಆದ್ದರಿಂದ ಮೂಲ ಅಥವಾ ದೃಢೀಕೃತ ಪ್ರತಿ ಜೊತೆಗಿರಲಿ. ವಾಟ್ಸಾಪ್‌ನಲ್ಲಿ ಬಂದ ಸೈಟೇಷನ್ (ತೀರ್ಪಿನ ಉಲ್ಲೇಖ) ನಂಬಬೇಡಿ. ಸುಪ್ರೀಂ ಕೋರ್ಟಿನ ತೀರ್ಪುಗಳ ಜಾಲತಾಣ ಇ-ಎಸ್‌ಸಿಆರ್‌ನಲ್ಲಿ ತೀರ್ಪು ಪುಕ್ಕಟೆ ಸಿಗುತ್ತದೆ, ತೆಗೆದು ಪೂರ್ತಿ ಓದಿ.

ಪೂರ್ತಿ ಅಂದರೆ ಪೂರ್ತಿ. ಚರ್ಚೆಯ ಹದಿನೇಳನೇ ಪುಟದಲ್ಲಿ ಮಂತ್ರಿ ನಿಮ್ಮ ಪರವಾಗಿ ಮಾತಾಡಿ, ಹತ್ತೊಂಬತ್ತನೇ ಪುಟದಲ್ಲಿ ಒಬ್ಬ ಸದಸ್ಯರ ಪ್ರಶ್ನೆಗೆ ಹಿಂದೆ ಸರಿದಿರಬಹುದು. ಆ ಪುಟವನ್ನು ನೀವೇ ಮೊದಲು ತೋರಿಸಿ, ಉತ್ತರವನ್ನೂ ಹೇಳಿ. ಎದುರಿನವರು ತೋರಿಸಿದ ಮೇಲೆ ಹೇಳಿದರೆ ಅದು ಉತ್ತರ ಅಲ್ಲ, ಸಮಜಾಯಿಷಿ.

ಎಸಿ ಕೋರ್ಟಿಗೆ ಹೋಗುವಾಗ ಮೂರು ಸೆಟ್ ಇಡಿ. ಒಂದು ಎಸಿಗೆ, ಒಂದು ಎದುರಿನವರಿಗೆ, ಒಂದು ನಿಮಗೆ. ಬೇಕಾದ ಸಾಲಿಗೆ ಪೆನ್ಸಿಲ್ ಗೆರೆ, ಪುಟದ ಅಂಚಿಗೆ ಚೀಟಿ. ಕೇಸುಗಳ ಪಟ್ಟಿ ಉದ್ದ ಇರುತ್ತದೆ, ನಿಮಗೆ ಸಿಗುವುದು ಐದು ನಿಮಿಷ. ಹೆಸರು ಕೂಗಿದ ತಕ್ಷಣ ಬೇರ್ ಆಕ್ಟ್ ತೆರೆದು ಅನುಮಾನದ ಪದದ ಮೇಲೆ ಬೆರಳಿಟ್ಟುಕೊಂಡು ಎದ್ದೇಳಿ. ಹೇಳಿಕೆ, ಚರ್ಚೆ, ವರದಿ ಎಲ್ಲ ಟೇಬಲ್ ಮೇಲೆಯೇ ಇರಲಿ, ಕೇಳಿದಾಗ ಕೊಡಿ.